ಕೆಂಪು ಶಾಯಿ ಮತ್ತು ಅಲಾಯಿ ಕುಣಿ

ತುಮಕೂರು ಕಡೆಯವನಾದ ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಮೇಷ್ಟ್ರಾಗಿ ಬಂದ ಮೊದಲ ವರ್ಷ, ಅಂದರೆ 2012ರಲ್ಲಿ, ಐದನೆಯ ತರಗತಿಯ ಮಕ್ಕಳಿಗೆ ‘ನಮ್ಮೂರ ಹಬ್ಬ’ ಎಂಬ ವಿಷಯ ಕೊಟ್ಟು ಹತ್ತು ಸಾಲು ಬರೆಯಲು ಹೇಳಿದ್ದೆ. ಮೊಹರಂ ಆಗಷ್ಟೇ ಮುಗಿದಿತ್ತು. ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ತನ್ನ ಬರಹವನ್ನು ‘ಊರಾಗ ಕುಣಿ ತೋಡ್ಯಾರ’ ಎಂದು ಆರಂಭಿಸಿದ್ದ. ನನಗೆ ಗೊತ್ತಿದ್ದದ್ದು ಒಂದೇ ಕುಣಿ, ಅದು ಕುಣಿಯುವುದರ ಕುಣಿ. ಕುಣಿತವನ್ನು ತೋಡುವುದು ಹೇಗೆ? ಕೆಂಪು ಶಾಯಿಯಲ್ಲಿ ‘ತೋಡ್ಯಾರ’ಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ‘ಕುಣಿತ ಮಾಡಿದರು’ ಎಂದು ದುಂಡಗೆ ಬರೆದು ಪುಸ್ತಕ ಹಿಂದಿರುಗಿಸಿದೆ. ಮರುದಿನ ಅವನು ಇಡೀ ಬರಹವನ್ನು ಹೊಸದಾಗಿ ಬರೆದುಕೊಂಡು ಬಂದ. ‘ನಮ್ಮ ಊರಿನಲ್ಲಿ ಮೊಹರಂ ಹಬ್ಬವನ್ನು ಸಂಭ್ರಮದಿಂದ ಆಚರಿಸುತ್ತಾರೆ. ಎಲ್ಲರೂ ಕುಣಿತ ಮಾಡುತ್ತಾರೆ.’ ನಾನು ಅದರ ಕೆಳಗೆ ‘ಉತ್ತಮ’ ಎಂದು ಬರೆದು ಸಹಿ ಹಾಕಿದೆ.

ಈ ಸೀಮೆಯಲ್ಲಿ ಕುಣಿ ಎಂದರೆ ಗುಂಡಿ ಎಂಬುದು ನನಗೆ ತಿಳಿದದ್ದು ಮೂರು ನಾಲ್ಕು ವಾರಗಳ ನಂತರ, ಸಹೋದ್ಯೋಗಿಯೊಬ್ಬರ ಜೊತೆ ಊರೊಳಗೆ ನಡೆದು ಹೋಗುವಾಗ. ಪೀರಲ ದೇವರು ಎಂದು ಕರೆಯುವ ಮೊಹರಂ ಪಂಜಾಗಳನ್ನು ಕೂರಿಸುವ ಮಸೀದಿಯ ಮುಂದೆ ಮುಚ್ಚಿದ ಗುಂಡಿಯ ಗುರುತು ಇನ್ನೂ ಹಸಿಯಾಗಿತ್ತು. ಅದೇ ಅಲಾಯಿ ಕುಣಿ. ಮೊಹರಂ ದಿನಗಳಲ್ಲಿ ಅದರಲ್ಲಿ ಬೆಂಕಿ ಹಾಕುತ್ತಾರೆ, ಅದರ ಸುತ್ತ ಊರಿನ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ. ನಿಘಂಟಿನಲ್ಲಿಯೂ ಕುಣಿ ಎಂಬುದಕ್ಕೆ ಗುಂಡಿ ಎಂಬ ಅರ್ಥ ಇದೆ. ಹುಡುಗ ಹಬ್ಬವನ್ನು ಎಲ್ಲಿಂದ ಆರಂಭಿಸಬೇಕೋ ಅಲ್ಲಿಂದಲೇ, ನೆಲ ಅಗೆಯುವುದರಿಂದಲೇ, ಆರಂಭಿಸಿದ್ದ. ಮೂವತ್ತು ಮಕ್ಕಳ ಆ ತರಗತಿಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆದ ಒಂದೇ ವಾಕ್ಯ ಅದಾಗಿತ್ತು, ಅದನ್ನೇ ನಾನು ತಿದ್ದಿ ತೆಗೆದುಬಿಟ್ಟಿದ್ದೆ.

ಉಳಿದ ಇಪ್ಪತ್ತೊಂಬತ್ತು ಮಂದಿ ಏನು ಬರೆದಿದ್ದರು ಎಂಬುದನ್ನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರಿಗೆ ಹೇಳಬೇಕಾಗಿಲ್ಲ. ಹಸುವಿನ ಪ್ರಬಂಧದಂತೆಯೇ ಹಬ್ಬದ ಪ್ರಬಂಧಕ್ಕೂ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ ಇರುತ್ತದೆ. ‘ಹಸು ಒಂದು ಸಾಕುಪ್ರಾಣಿ. ಹಸು ನಮಗೆ ಹಾಲು ಕೊಡುತ್ತದೆ.’ ನನ್ನ ತರಗತಿಯ ಬಹಳಷ್ಟು ಮನೆಗಳಲ್ಲಿ ಹಸು ಇರಲಿಲ್ಲ, ಆಡು ಮತ್ತು ಎಮ್ಮೆ ಇದ್ದವು. ಆದರೂ ಹಸುವಿನ ಬಗ್ಗೆ ಎಲ್ಲರೂ ಒಂದೇ ಸಮನೆ ಬರೆಯುತ್ತಿದ್ದರು, ಆಡಿನ ಬಗ್ಗೆ ಯಾರೂ ಬರೆಯುತ್ತಿರಲಿಲ್ಲ. ಹಸುವಿನ ಪ್ರಬಂಧ ಗೈಡಿನಲ್ಲಿತ್ತು, ಆಡಿನದು ಇರಲಿಲ್ಲ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಶಾಲೆಯಲ್ಲಿ ಬರೆಯುವುದೆಂದರೆ ಮೇಷ್ಟ್ರಿಗೆ ಈಗಾಗಲೇ ಗೊತ್ತಿರುವುದನ್ನು ಮೇಷ್ಟ್ರಿಗೇ ತಿರುಗಿ ಒಪ್ಪಿಸುವುದು ಎಂದು ಮಕ್ಕಳು ನಂಬಿದ್ದರು, ಮತ್ತು ಆ ನಂಬಿಕೆ ನಮ್ಮಿಂದಲೇ ಬಂದದ್ದು.

ಈ ಮಕ್ಕಳು ಮಾತಿನಲ್ಲಿ ಬಡವರಾಗಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ, ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯ ಕೋಣೆಗಳಲ್ಲಿ ಹಾಡು, ಕಥೆ, ಕಾರ್ಡು, ಗುಂಪು ಎಂದು ಗಲಗಲ ಮಾತನಾಡುವ ಚಿಕ್ಕ ಮಕ್ಕಳು, ನಾಲ್ಕನೆಯ ತರಗತಿಗೆ ಬಂದು ಸಾಲಾಗಿ ಕುಳಿತೊಡನೆ ಪೆನ್ಸಿಲು ಹಿಡಿದು ಮೂಕರಾಗುವುದನ್ನು ನಾನು ಪ್ರತಿ ಜೂನ್‌ನಲ್ಲಿ ನೋಡುತ್ತೇನೆ.

ನನ್ನ ತರಗತಿಯಲ್ಲಿ ಇದು ಬದಲಾಗತೊಡಗಿದ್ದು ಯಾವ ಯೋಜನೆಯಿಂದಲೂ ಅಲ್ಲ. ಒಂದು ಮಳೆಗಾಲದ ಮಧ್ಯಾಹ್ನ ಬಿಸಿಯೂಟ ಮುಗಿಸಿ ಮಕ್ಕಳು ವರಾಂಡದಲ್ಲಿ ತಟ್ಟೆ ತೊಳೆಯುತ್ತಿದ್ದರು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಹಿಂದಿನ ರಾತ್ರಿ ತಮ್ಮ ಮನೆಯ ಮಾಳಿಗೆ ಸೋರಿದ್ದನ್ನು ಗೆಳತಿಯರಿಗೆ ಹೇಳುತ್ತಿದ್ದಳು. ಅವ್ವ ಸೋರುವಲ್ಲೆಲ್ಲ ಪಾತ್ರೆ ಇಟ್ಟಳಂತೆ, ಪಾತ್ರೆಗಳು ಮುಗಿದಾಗ ರೊಟ್ಟಿ ತಟ್ಟುವ ಪರಾತವನ್ನೂ ಇಟ್ಟಳಂತೆ. ಕಣ್ಣು ಕಾಣದ ಅವಳ ಅಜ್ಜಿ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತು, ಬೀಳುವ ಹನಿಯ ಸಪ್ಪಳ ಕೇಳಿಯೇ ‘ಇದು ತಂಬಿಗಿ, ಇದು ಬೋಗಾಣಿ, ಅದು ಪರಾತ’ ಎಂದು ಹೇಳುತ್ತಿದ್ದಳಂತೆ. ತಂಬಿಗೆ ತುಂಬುತ್ತ ಬಂದಂತೆ ಅದರ ದನಿ ಬದಲಾಗಿ ಅಜ್ಜಿಯ ಲೆಕ್ಕ ತಪ್ಪಿದಾಗ ಮನೆಯವರೆಲ್ಲ ನಕ್ಕರಂತೆ. ತೊಳೆಯುವ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಆರೇಳು ಮಕ್ಕಳು ಕೇಳುತ್ತ ನಿಂತಿದ್ದರು, ಅವರ ಹಿಂದೆ ನಾನೂ ನಿಂತಿದ್ದೆ.

ಒಳಗೆ ಬಂದ ಮೇಲೆ, ‘ಈಗ ಹೇಳಿದ್ದನ್ನೇ ಬರಿಯಮ್ಮ’ ಎಂದೆ. ಅವಳು ತುಂಬ ಹೊತ್ತು ಕುಳಿತು ಬರೆದು ತಂದುಕೊಟ್ಟದ್ದು ಇಷ್ಟು: ‘ಮಳೆ ಬಂದಿತು. ಮನೆ ಸೋರಿತು. ನಮಗೆ ತೊಂದರೆ ಆಯಿತು.’ ಅಜ್ಜಿ ಎಲ್ಲಿ ಹೋದಳು ಎಂದು ಕೇಳಿದರೆ, ಅಜ್ಜಿಯನ್ನೂ ಬರೆಯಬೇಕೇ ಎಂಬಂತೆ ನನ್ನನ್ನು ನೋಡಿದಳು.

ಆ ದಿನ ನಾನು ಸೀಮೆಸುಣ್ಣ ತೆಗೆದುಕೊಂಡು, ‘ನೀನು ಹೇಳು, ನಾನು ಬರೆಯುತ್ತೇನೆ’ ಎಂದೆ. ಅವಳು ಹೇಳಿದಂತೆಯೇ, ಒಂದು ಅಕ್ಷರವನ್ನೂ ತಿದ್ದದೆ, ‘ಮ್ಯಾಳಿಗಿ ಸೋರಾಕ ಹತ್ತಿತ್ತು’ ಎಂದು ಕಪ್ಪುಹಲಗೆಯ ಮೇಲೆ ಬರೆದಾಗ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಗು ನಿಂತ ಮೇಲೆ ಹುಡುಗನೊಬ್ಬ ಎದ್ದು ನಿಂತು ಬಹಳ ಗಂಭೀರವಾಗಿ, ‘ಸರ್, ಹಂಗ ಬರೀಬಾರದ್ರಿ, ತಪ್ಪರಿ’ ಎಂದ. ತನ್ನ ಅವ್ವ, ಅಪ್ಪ, ಮುತ್ಯಾ (ಅಜ್ಜ) ಎಲ್ಲರೂ ದಿನವಿಡೀ ಆಡುವ ಮಾತು ತಪ್ಪು ಎಂಬುದನ್ನು ಅವನು ಒಂಬತ್ತನೆಯ ವಯಸ್ಸಿಗೆ ಕಲಿತುಬಿಟ್ಟಿದ್ದ. ನಾವು ಕಲಿಸಿದ ಪಾಠಗಳಲ್ಲಿ ಅದೊಂದು ಮಾತ್ರ ಎಲ್ಲ ಮಕ್ಕಳಿಗೂ ಚೆನ್ನಾಗಿ ಹತ್ತಿತ್ತು.

ಮನೆಯ ಮಾತು ಮತ್ತು ಪುಸ್ತಕದ ಮಾತಿನ ಈ ಪ್ರಶ್ನೆಯನ್ನು ನಾನು ಸುಲಭವಾಗಿ ಬಗೆಹರಿಸಿದೆ ಎಂದು ಹೇಳಲಾರೆ. ಗ್ರಾಂಥಿಕ ಕನ್ನಡ ಬೇಡ ಎನ್ನುವವನು ನಾನಲ್ಲ. ಅರ್ಜಿ ಬರೆಯಲು, ಪರೀಕ್ಷೆ ಬರೆಯಲು, ಚಾಮರಾಜನಗರದ ಮಗುವಿನ ಬರಹವನ್ನು ಬೀದರಿನ ಮಗು ಓದಲು ಅದು ಬೇಕೇ ಬೇಕು, ಮತ್ತು ಅದನ್ನು ಕಲಿಸದೆ ಬಿಟ್ಟರೆ ನಷ್ಟವಾಗುವುದು ಇಂಥ ಊರಿನ ಮಕ್ಕಳಿಗೇ. ಆದರೆ ಅದು ಮೊದಲ ಕರಡಿನಲ್ಲೇ ಬೇಕೆಂದು ಹಟ ಹಿಡಿದರೆ, ಮಗು ತನಗೆ ಗ್ರಾಂಥಿಕದಲ್ಲಿ ಹೇಳಲು ಬರುವಷ್ಟನ್ನು ಮಾತ್ರ ಹೇಳುತ್ತದೆ. ತಂಬಿಗೆ ತುಂಬಿದಾಗ ಬದಲಾಗುವ ಸಪ್ಪಳ ಆ ಅಳತೆಯೊಳಗೆ ಹಿಡಿಸುವುದಿಲ್ಲ. ಈಗ ನಮ್ಮಲ್ಲಿರುವ ರೂಢಿಯೆಂದರೆ ಮೊದಲ ಕರಡು ಬಾಯಿಗೆ ಬಂದ ಮಾತಿನಲ್ಲಿ. ಗೋಡೆಗೆ ಹಚ್ಚುವ ಅಥವಾ ಪುಸ್ತಕಕ್ಕೆ ಹೊಲಿಯುವ ಪ್ರತಿಯಲ್ಲಿ ಕಥೆ ಹೇಳುವ ಮಾತನ್ನು ಯಾವ ಕನ್ನಡದಲ್ಲಿ ಇಡಬೇಕೆಂಬುದು ಬರೆದವರ ಇಷ್ಟ. ಕಥೆಯೊಳಗಿನವರು ಆಡುವ ಮಾತು ಮಾತ್ರ ಅವರು ಆಡಿದಂತೆಯೇ ಇರಬೇಕು. ಅಜ್ಜಿ ಪುಸ್ತಕದ ಕನ್ನಡ ಮಾತನಾಡಿದರೆ ಮಕ್ಕಳೇ ನಗುತ್ತಾರೆ, ಮತ್ತು ಆ ನಗು ಮೊದಲ ದಿನದ ನಗುವಲ್ಲ.

ಇನ್ನು ಕಾಗುಣಿತ. ಒತ್ತಕ್ಷರ ಬಿಟ್ಟುಹೋಗುವುದು, ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಅದಲುಬದಲಾಗುವುದು, ದೀರ್ಘ ತಪ್ಪುವುದು ಇವೆಲ್ಲ ಇದ್ದೇ ಇವೆ. ನಾನು ಅವುಗಳನ್ನು ಕಥೆ ಮುಗಿಯುವವರೆಗೆ ಮುಟ್ಟುವುದಿಲ್ಲ. ಹಾಗೆ ಮುಟ್ಟದಿರುವುದಕ್ಕೆ ನನಗೇ ಎರಡು ವರ್ಷ ಹಿಡಿಯಿತು; ಕೆಂಪು ಪೆನ್ನು ಜೇಬಿನಲ್ಲಿದ್ದರೆ ಕೈ ತಾನಾಗಿಯೇ ಹೋಗುತ್ತದೆಂದು ಆ ಅವಧಿಗೆ ಪೆನ್ನನ್ನು ಬೀರುವಿನಲ್ಲಿ ಇಟ್ಟು ಬರುತ್ತಿದ್ದೆ.

ತಿದ್ದುವ ಕೆಲಸ ಈಗ ಹೆಚ್ಚಾಗಿ ಕೇಳುಗರದ್ದು. ಶುಕ್ರವಾರದ ಕೊನೆಯ ಅವಧಿಯಲ್ಲಿ ಇಬ್ಬರು ಮೂವರು ತಮ್ಮ ಕಥೆ ಓದುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ‘ಚೆನ್ನಾಗಿದೆ’ ಎನ್ನುವಂತಿಲ್ಲ, ‘ತಪ್ಪು’ ಎನ್ನುವಂತಿಲ್ಲ, ತಮಗೆ ತಿಳಿಯದ್ದನ್ನು ಮಾತ್ರ ಕೇಳಬೇಕು. ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಬರಹವನ್ನೇ ತೋರಿಸುತ್ತೇನೆ. ಐದನೆಯ ತರಗತಿಯ ಹುಡುಗನೊಬ್ಬ ಓದಿದ: ‘ನಮ್ಮ ಆಡು ಸತ್ತಿತು. ನನಗೆ ದುಃಖ ಆಯಿತು. ನೀತಿ: ಆಡು ಸಾಯಬಾರದು.’ ಕಥೆಯೆಂದ ಮೇಲೆ ಕೊನೆಗೆ ನೀತಿ ಇರಲೇಬೇಕೆಂದು ಮಕ್ಕಳಿಗೆ ಗೊತ್ತು. ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಗೆ ನಾವು ತಯಾರಿ ಮಾಡಿಸುವ ರೀತಿಯೇ ಹಾಗೆ, ಕೈ ಬೀಸಿ ಕಣ್ಣರಳಿಸಿ ಹೇಳಿ ಕೊನೆಗೊಂದು ನೀತಿ. ನಾನು ಏನನ್ನೂ ಹೇಳಲಿಲ್ಲ. ಒಬ್ಬಳು ಕೇಳಿದಳು, ಹೇಗೆ ಸತ್ತಿತು? ಎಣ್ಣೆ ಹೊಡೆದ ಹತ್ತಿಯನ್ನು ತಿಂದಿತ್ತು, ಎಂದ. (ಇಲ್ಲಿ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ.) ಯಾರ ಹೊಲ? ನಮ್ಮದೇ. ಯಾರು ಕಟ್ಟಿದ್ದರು? ಈ ಪ್ರಶ್ನೆಗೆ ಅವನು ತಡೆದು, ‘ನಾನs ಬಿಟ್ಟಿದ್ದೆ’ ಎಂದ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಯಾರೋ ಕೇಳಿದರು, ಮರಿ ಇದ್ದವೇ? ಎರಡು ಇದ್ದವಂತೆ. ಆಡು ಬಿದ್ದ ಮೇಲೂ ಅವು ಕೆಚ್ಚಲಿಗೆ ಬಾಯಿ ಹಾಕಲು ಹೋಗುತ್ತಿದ್ದವು, ವಿಷದ ಹಾಲು ಕುಡಿದಾವೆಂದು ಅವ್ವ ಅವುಗಳನ್ನು ಎಳೆದು ದೂರ ಕಟ್ಟಿದಳು, ಅವು ರಾತ್ರಿಯೆಲ್ಲ ಒದರಿದವು.

ಸೋಮವಾರ ಅವನು ಒಂದೂವರೆ ಪುಟ ಬರೆದು ತಂದ. ಹತ್ತಿ ಹೊಲ, ಹಗ್ಗ, ಎರಡು ಮರಿ, ಅವ್ವ ಎಲ್ಲವೂ ಬಂದಿದ್ದವು, ‘ನಾನು ಬಿಟ್ಟಿದ್ದೆ’ ಎಂಬುದೂ ಬಂದಿತ್ತು. ‘ನೀತಿ: ಆಡು ಸಾಯಬಾರದು’ ಎಂಬ ಸಾಲನ್ನು ಅವನು ತೆಗೆದಿರಲಿಲ್ಲ. ತೆಗೆಯಲು ನಾನೂ ಹೇಳಲಿಲ್ಲ. ಅಷ್ಟೆಲ್ಲ ಓದಿದ ಮೇಲೆ ಆ ಸಾಲು ನನಗೆ ನಗು ತರಿಸಲಿಲ್ಲ.

ಹಂಚಿಕೊಳ್ಳುವುದು ಎಂಬುದಕ್ಕೆ ನಾವು ಕೈಯಿಂದ ಮಾಡುವ ಕೆಲಸದ ಅಂಶವೂ ಬೇಕೆಂಬುದನ್ನು ನಾನು ಕಲಿತದ್ದು ಸೆಲೆಸ್ತಿನ್ ಫ್ರೆನೆ ಎಂಬ ಫ್ರೆಂಚ್ ಮೇಷ್ಟ್ರ ವಿಷಯ ಓದಿದಾಗ. ಮೊದಲ ಮಹಾಯುದ್ಧದಲ್ಲಿ ಎದೆಗೆ ಗಾಯವಾಗಿ ಹೆಚ್ಚು ಹೊತ್ತು ಮಾತನಾಡಲಾಗದ ಆತ, ದಕ್ಷಿಣ ಫ್ರಾನ್ಸಿನ ಬಾರ್-ಸ್ಯುರ್-ಲೂ ಎಂಬ ಹಳ್ಳಿಯ ಶಾಲೆಗೆ 1920ರ ದಶಕದಲ್ಲಿ ಒಂದು ಸಣ್ಣ ಕೈಮುದ್ರಣ ಯಂತ್ರವನ್ನು ತಂದಿಟ್ಟ. ಮಕ್ಕಳು ಹೊರಗೆ ಸುತ್ತಾಡಿ ಬಂದು ತಾವು ಕಂಡದ್ದನ್ನು ಬರೆಯುತ್ತಿದ್ದರು, ತಾವೇ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು, ಅಚ್ಚಾದ ಹಾಳೆಗಳನ್ನು ದೂರದ ಇನ್ನೊಂದು ಶಾಲೆಯ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸಿ ಅವರ ಹಾಳೆಗಳನ್ನು ತರಿಸಿಕೊಳ್ಳುತ್ತಿದ್ದರು. ಒಂದೊಂದೇ ಮೊಳೆಯನ್ನು ಹುಡುಕಿ ಜೋಡಿಸಬೇಕಾದಾಗ ಕಾಗುಣಿತದ ಮೇಲೆ ಬರುವ ನಿಗಾ ಯಾವ ಉಕ್ತಲೇಖನದಿಂದಲೂ ಬರುವುದಿಲ್ಲ ಎಂಬುದು ಊಹಿಸಬಹುದಾದ ಸಂಗತಿ. ನಮ್ಮ ದೇಶದಲ್ಲಿಯೂ ಭೋಪಾಲದ ಏಕಲವ್ಯ ಸಂಸ್ಥೆ 1985ರಿಂದ ತರುತ್ತಿರುವ ‘ಚಕ್‌ಮಕ್’ ಎಂಬ ಹಿಂದಿ ಮಾಸಿಕ ಮಕ್ಕಳ ಬರಹ ಮತ್ತು ಚಿತ್ರಗಳಿಗೆಂದೇ ‘ಮೇರಾ ಪನ್ನಾ’ ಎಂದು ಪುಟಗಳನ್ನು ಮೀಸಲಿಟ್ಟಿದೆ.

ನಮ್ಮಲ್ಲಿ ಮೊಳೆಯೂ ಇಲ್ಲ, ಯಂತ್ರವೂ ಇಲ್ಲ. ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಮಡಿಚಿ, ನಡುವೆ ದಬ್ಬಣದಿಂದ ಮೂರು ತೂತು ಹಾಕಿ, ಗೋಣಿದಾರದಿಂದ ಹೊಲಿದು, ಮದುವೆ ಕಾರ್ಡಿನ ದಪ್ಪ ಕಾಗದವನ್ನು ರಟ್ಟಾಗಿ ಅಂಟಿಸುತ್ತೇವೆ. ರಟ್ಟಿನ ಮೇಲೆ ಬರೆದವರ ಹೆಸರು, ಒಳಗಡೆ ಮದುಮಕ್ಕಳ ಹೆಸರು. ಇಂಥ ಪುಸ್ತಕಗಳು ನಮ್ಮ ಬೀರುವಿನಲ್ಲಿ ಇನ್ನೂರಕ್ಕೂ ಹೆಚ್ಚು ಇವೆ. ಹೊಸ ಪುಸ್ತಕ ಹೊಲಿಯುವ ದಿನ ಒಳ್ಳೆಯ ಪ್ರತಿ ಬರೆಯುವಾಗ ಒತ್ತಕ್ಷರದ ವಿಷಯದಲ್ಲಿ ಮಕ್ಕಳು ನನಗಿಂತ ಕಟ್ಟುನಿಟ್ಟು, ಏಕೆಂದರೆ ಮುಂದಿನ ವರ್ಷದ ಮಕ್ಕಳು ಅದನ್ನು ಓದುತ್ತಾರೆಂದು ಅವರಿಗೆ ಗೊತ್ತು.

ಈ ಪುಸ್ತಕಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ಗುಳೆ ಹೋಗಿ ಬಂದ ಮಕ್ಕಳದ್ದು. ಬೆಳೆ ಕೈಕೊಟ್ಟ ವರ್ಷ ಅಪ್ಪ ಅವ್ವಂದಿರ ಜೊತೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಮಗು ನಮ್ಮ ದಾಖಲೆಯಲ್ಲಿ ಒಂದು ದೀರ್ಘ ಗೈರುಹಾಜರಿ ಅಷ್ಟೆ. ಜೂನ್‌ನಲ್ಲಿ ಹಿಂದಿರುಗಿ ಬಂದವನಿಗೆ ಏನೇನು ಪಾಠ ತಪ್ಪಿದೆ ಎಂದು ನಾವು ಪಟ್ಟಿ ಮಾಡುತ್ತೇವೆ, ಅವನು ಏನೇನು ಕಂಡು ಬಂದ ಎಂದು ಕೇಳುವುದಿಲ್ಲ. ಒಬ್ಬ ಬರೆದಿದ್ದ: ‘ನಾವು ಕಟ್ಟಿದ ಮನ್ಯಾಗ ಹನ್ನೆರಡು ಮಹಡಿ ಇದ್ವು. ಮ್ಯಾಲಿಂದ ನೋಡಿದ್ರ ನಮ್ಮ ಶೆಡ್ಡು ಕಾಣತಿತ್ತು. ಶೆಡ್ಡಿನಿಂದ ನೋಡಿದ್ರ ಹನ್ನೆರಡನೇ ಮಹಡಿ ಕಾಣತಿರಲಿಲ್ಲ, ಕುತ್ತಿಗಿ ನೋಯತಿತ್ತು.’ ಇದನ್ನು ಓದಿದ ದಿನ ತರಗತಿಯಲ್ಲಿ ಪ್ರಶ್ನೆಗಳು ನಿಲ್ಲಲೇ ಇಲ್ಲ. ಲಿಫ್ಟು ಹೇಗಿರುತ್ತದೆ, ಅದರಲ್ಲಿ ಹತ್ತಿದ್ದೆಯಾ, ಅಲ್ಲಿ ಯಾರು ಇರುತ್ತಾರೆ, ನಿಮ್ಮನ್ನು ಒಳಗೆ ಬಿಡುತ್ತಾರೆಯೇ. ಐದು ತಿಂಗಳು ಶಾಲೆ ತಪ್ಪಿಸಿಕೊಂಡವನು ಆ ಒಂದು ಗಂಟೆ ಎಲ್ಲರಿಗಿಂತ ಹೆಚ್ಚು ಬಲ್ಲವನಾಗಿದ್ದ.

ನಾನು ಮಾಡಿದ ದೊಡ್ಡ ತಪ್ಪನ್ನೂ ಇಲ್ಲಿ ಹೇಳಬೇಕು. ಗೋಡೆಪತ್ರಿಕೆ ಆರಂಭಿಸಿದ ಹೊಸದರಲ್ಲಿ, ಹುಡುಗಿಯೊಬ್ಬಳು ಅಪ್ಪ ಕುಡಿದು ಬಂದ ರಾತ್ರಿ ತಾನೂ ತಮ್ಮನೂ ಪಕ್ಕದ ಮನೆಯ ಕಟ್ಟೆಯ ಮೇಲೆ ಮಲಗಿದ್ದನ್ನು ಬರೆದಳು. ಆ ವರ್ಷ ಬಂದ ಬರಹಗಳಲ್ಲೆಲ್ಲ ಅದು ಚೆಂದದ್ದು ಎಂದು ನನಗನ್ನಿಸಿತು. ಚೆಂದದ್ದು ಎಂಬ ಒಂದೇ ಕಾರಣಕ್ಕೆ, ಅವಳನ್ನು ಒಂದು ಮಾತೂ ಕೇಳದೆ, ವರಾಂಡದ ಗೋಡೆಗೆ ಹಚ್ಚಿದೆ. ಎರಡು ದಿನದ ಮೇಲೆ ಅವಳ ತಾಯಿ ಬಂದರು. ಬೈಯಲಿಲ್ಲ. ಬಾಗಿಲಲ್ಲಿ ನಿಂತು, ಸೆರಗನ್ನು ಬಾಯಿಗೆ ಹಿಡಿದು, ‘ನಮ್ಮ ಮನಿ ಮಾತು ಗ್ವಾಡಿಗೆ ಹಚ್ಚೀರಲ್ರಿ ಸರ್’ ಎಂದರು. ನಾನು ಹಾಳೆ ತೆಗೆದು ಅವರ ಕೈಗೆ ಕೊಟ್ಟೆ. ಅವರಿಗೆ ಓದಲು ಬರುತ್ತಿರಲಿಲ್ಲ; ಯಾರೋ ಓದಿ ಹೇಳಿದ್ದರು. ಹುಡುಗಿ ಅದಾದ ಮೇಲೆ ಮೂರು ತಿಂಗಳು ಹಸುವಿನ ಪ್ರಬಂಧವನ್ನೇ ಬರೆದಳು.

ಮಕ್ಕಳ ಸತ್ಯವಾದ ಬರಹವನ್ನು ಬಯಸುವ ಮೇಷ್ಟ್ರುಗಳು, ಅದನ್ನು ಊರಿಗೆಲ್ಲ ತೋರಿಸಿ ತಾವು ಹೆಮ್ಮೆಪಡುವ ಆಸೆಯನ್ನೂ ಒಳಗಿಟ್ಟುಕೊಂಡಿರುತ್ತಾರೆ ಎಂಬುದನ್ನು ನಾನು ನನ್ನಲ್ಲೇ ಕಂಡುಕೊಂಡದ್ದು ಆಗ. ಅಂದಿನಿಂದ ನಮ್ಮಲ್ಲಿ ಮಡಿಚುವ ಪದ್ಧತಿ ಬಂತು. ಹಾಳೆಯ ಮೂಲೆಯನ್ನು ಮಡಿಚಿ ಕೊಟ್ಟರೆ ನಾನೊಬ್ಬ ಓದಬಹುದು, ಗೋಡೆಗೆ ಬೇಡ, ತರಗತಿಗೂ ಬೇಡ. ಇಡೀ ಹಾಳೆಯನ್ನು ನಡುವೆ ಮಡಿಚಿದ್ದರೆ ನಾನೂ ಓದುವಂತಿಲ್ಲ. ಬರೆದದ್ದಕ್ಕೆ ಹಾಜರಿ ಹಾಕಿ ಹಿಂದಿರುಗಿಸುತ್ತೇನೆ. ಜೊತೆಗೆ ಇನ್ನೊಂದು ಮಾತನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡುತ್ತೇನೆ: ಯಾರಾದರೂ ನಿಮಗೆ ಹೊಡೆದು ಬಡಿದು ಕೆಟ್ಟದ್ದು ಮಾಡುತ್ತಿದ್ದಾರೆ ಎಂದು ನನಗೆ ತಿಳಿದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತೇನೆಂದು ನಾನು ಮಾತು ಕೊಡಲಾರೆ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆ ನಮ್ಮ ಗೋಡೆಪತ್ರಿಕೆಯ ಮೇಲಂಚಿನಲ್ಲಿ ಯಾವಾಗಲೂ ಇರುತ್ತದೆ. ಪೂರ್ತಿ ಮಡಿಚಿದ ಹಾಳೆಗಳು ವರ್ಷಕ್ಕೆ ಹದಿನೈದು ಇಪ್ಪತ್ತು ಬರುತ್ತವೆ. ಅವುಗಳಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಕೆಲವು ಖಾಲಿ ಹಾಳೆಗಳೂ ಇರಬಹುದು, ಇರಲಿ.

ಮೇಲಧಿಕಾರಿಗಳೊಬ್ಬರು ತರಗತಿ ವೀಕ್ಷಣೆಗೆ ಬಂದವರು, ಮಕ್ಕಳು ಸುತ್ತ ಕುಳಿತು ಪ್ರಶ್ನೆ ಕೇಳುವುದನ್ನು ಐದು ನಿಮಿಷ ನೋಡಿ, ‘ಇದು ಯಾವ ಕಲಿಕಾ ಫಲದಲ್ಲಿ ಬರುತ್ತದೆ?’ ಎಂದು ವಿಚಾರಿಸಿದರು. ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೆಯ ಸೆಕ್ಷನ್ನು ಮಗುವನ್ನು ಭಯದಿಂದ ಮುಕ್ತಗೊಳಿಸಿ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆನ್ನುತ್ತದೆ ಎಂದು ನಾನು ಹೇಳಬಹುದಿತ್ತು. ಆ ಹೊತ್ತಿಗೆ ಅದು ಬಾಯಿಗೆ ಬರಲಿಲ್ಲ. ಮಕ್ಕಳ ಪುಸ್ತಕಗಳನ್ನು ಕೃತಿಸಂಪುಟದಲ್ಲಿ, ಅಂದರೆ ಮಗುವಿನ ಕೆಲಸಗಳ ಕಡತದಲ್ಲಿ, ಸೇರಿಸಿ ವರ್ಷದುದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಅಂಕ ಅಲ್ಲಿಂದಲೇ ಕೊಡುತ್ತೇನೆಂದೆ, ಅವರು ತೃಪ್ತರಾಗಿ ಬರೆದುಕೊಂಡರು. ಹೋಗುವ ಮೊದಲು ಆಡಿನ ಕಥೆಯ ಪುಸ್ತಕವನ್ನು ನಿಂತಲ್ಲೇ ಪೂರ್ತಿ ಓದಿದರು.

ಅಲಾಯಿ ಕುಣಿಯ ಹುಡುಗ ಈಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹೋದ ವರ್ಷ ಗೊಬ್ಬರದ ಅಂಗಡಿಯ ಮುಂದೆ ಸಿಕ್ಕಾಗ, ಅಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ: ನೀನು ಸರಿಯಾಗಿಯೇ ಬರೆದಿದ್ದೆ, ತಪ್ಪು ನನ್ನದು. ಅವನಿಗೆ ಅದು ನೆನಪೇ ಇರಲಿಲ್ಲ. ‘ಹಂಗ ಬರ್ದಿದ್ನೇನ್ರಿ ಸರ್?’ ಎಂದು ನಕ್ಕ. ಆಮೇಲೆ ಏನೋ ಹೊಳೆದವನಂತೆ, ‘ಆ ವರ್ಷ ಕುಣಿಗೆ ಮೊದಲನೇ ಗುದ್ದಲಿ ನಮ್ಮ ಮುತ್ಯಾ ಹಾಕಿದ್ದರಿ. ಅದs ಕಡೀದು. ಮುಂದಿನ ಹಬ್ಬಕ್ಕ ಅಂವ ಇರಲಿಲ್ಲ’ ಎಂದ. ಗೊಬ್ಬರದ ಚೀಲಗಳ ಮೇಲೆ ಕೂತೆವು. ಗುದ್ದಲಿ ಎಷ್ಟು ಭಾರ ಇತ್ತು, ಮುತ್ಯಾನ ಕೈ ಹೇಗೆ ನಡುಗುತ್ತಿತ್ತು, ಅವನ ಕೈಯ ಮೇಲೆ ತಮ್ಮ ಕೈ ಇಟ್ಟು ಎತ್ತಿಸಿದವರು ಯಾರು ಎಂದು ಅವನು ಹೇಳತೊಡಗಿದ, ನಾನು ಕೇಳುತ್ತ ಹೋದೆ. ಟ್ರ್ಯಾಕ್ಟರಿನ ಮಾಲೀಕರು ಎರಡು ಸಲ ಫೋನು ಮಾಡಿದರು.